ಅರಿಶಿನ ಹಚ್ಚಿದ ಹೆಣ್ಣು

ಮಳೆಗಾಗಿ ಊರವರು ನಿಶ್ಚಯಿಸಿದ್ದ ಕಪ್ಪೆ ಮದುವೆಗೆ ಗಂಡಿನ ಕಡೆಯವರು ಹಲಗೆ ಬಾರಿಸುತ್ತ ಬಂದರು. ಹೆಣ್ಣಿನ ತಾಯಿಯಾಗಿ ನಿಂತಿದ್ದ ಶಾವಂತ್ರೆವ್ವ ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ನೀರಿನ ಮೇಲೆ ಹೆಣ್ಣುಗಪ್ಪೆ ಕಾಣಲಿಲ್ಲ.

“ನಿನ್ನೆ ತಂದ ಹೆಣ್ಣೂ ಹಿಂಗ ಮಾಯ ಆತು,” ಎಂದು ಗಂಡಿನ ತಂದೆಯಾಗಿದ್ದ ಚಂಬಸಪ್ಪ ಹಣೆ ಬಡಿದುಕೊಂಡ. “ಹಳ್ಳದ ಕೆಸರೆಲ್ಲಾ ಕೆದರಿ ಇದೊಂದು ಸಣ್ಣದನ್ನ ಹಿಡದು ತಂದಿದ್ದೆ. ಇನ್ನ ಅಲ್ಲಿ ಒಂದೂ ಕಪ್ಪಿ ಇಲ್ಲ. ಮಗಳನ್ನ ಓಡಿಸಿಬಿಟ್ಟಿಯೇನ ಬೀಗತಿ?”

“ನಮ್ಮ ಮನಿ ಹೆಣ್ಣು ಓಡಿ ಹೋಗೂದಲ್ಲ. ಬಟ್ಟಿ ಕಟ್ಟಿದ್ದು ಕಟ್ಟಿದಂಗ ಇತ್ತು, ನೀನ ನೋಡಿದಿ.”

“ಮತ್ತ ಕರಗಿ ಹೋತೇನು? ಮಂದಿ ಎಲ್ಲಾ ಮುಗಿಲು ನೋಡ್ಕೋತ ನಿಂತಾರ. ನೀ ಸರಿಯಾಗಿ ಕಾಯಲಿಲ್ಲ.”

“ಅರಿಶಿನ ಹಚ್ಚಿದ ಹುಡುಗಿನ್ನ ಒಬ್ಬಾಕಿನ್ನ ಬಿಡಬಾರದಂತ ನನಗ ಗೊತ್ತಿಲ್ಲೇನು? ಅದ ಹಳ್ಳದಾಗಿನ ಗೆಳತಿನ್ನ ತಂದು ಎರಡೂ ದಿನ ಜೋಡಿಗೆ ಬಿಟ್ಟಿದ್ದೆ.”

ಚಂಬಸಪ್ಪನ ಮುಖ ಅರಳಿತು. “ಮೊದಲ ಹೇಳೂದಲ್ಲೇನ? ಆ ಗೆಳತಿಗೇ ತಾಳಿ ಕಟ್ಟಸ್ತೀವಿ, ತಗೀ ಹೊರಗ.”

ಶಾವಂತ್ರೆವ್ವ ಕೊಡ ಬಗ್ಗಿಸಿದಳು. ನೀರಿನ ಜೊತೆ, ಎರಡೂ ಕೊಂಡಿಗೆ ಅರಿಶಿನ ಮೆತ್ತಿಕೊಂಡ ಏಡಿಯೊಂದು ಹಸೆಯ ಮೇಲೆ ಇಳಿಯಿತು.