ಅರ್ಧ ಚಮಚ ಮೈಲುತುತ್ತ

“ಒಂದೇ ಒಂದು ಹುಳ ಉಳಿದಿದ್ರೆ ತೋರಿಸು ನೋಡೋಣ!” ಮೂಡಿಗೆರೆಯ ಹಲ್ಲಿನ ಕ್ಲಿನಿಕ್ಕಿನಿಂದ ಊಟಕ್ಕೆ ಬಂದ ಸೊಸೆ ರಶ್ಮಿ ಚಪ್ಪಲಿ ಬಿಡುವ ಮೊದಲೇ ಗಿಡ್ಡಪ್ಪನವರು ಹಜಾರದ ಅಕ್ವೇರಿಯಂ ಕಡೆ ಕೈ ತೋರಿಸಿದರು.

ರಶ್ಮಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು. ಹುಳ ಇರಲಿಲ್ಲ, ನಿಜ. ಎಳ್ಳುಗಾತ್ರದ, ತುಕ್ಕುಬಣ್ಣದ ಆ ಚಪ್ಪಟೆ ಹುಳಗಳು ಮೂರು ವಾರದಿಂದ ಅವಳ ಹವಳಗಳನ್ನೆಲ್ಲ ಮುತ್ತಿಕೊಂಡಿದ್ದವು. ಈಗ ಒಂದೂ ಇಲ್ಲ. ಆದರೆ ಎರಡು ಸಿಗಡಿಗಳೂ ಅಂಗಾತ ಬಿದ್ದಿದ್ದವು. ಬೆರಳುದ್ದದ ತುಂಡು ತಂದು ಅಂಗೈಯಗಲ ಬೆಳೆಸಿದ್ದ ಹವಳಗಳು ಮುದುಡಿ ಲೋಳೆ ಬಿಡುತ್ತಿದ್ದವು.

“ಏನು ಹಾಕಿದ್ರಿ ಮಾವ?”

“ಮೈಲುತುತ್ತ. ಅರ್ಧ ಚಮಚ, ಅಷ್ಟೇ. ಕಾಫಿಗೆ, ಮೆಣಸಿಗೆ ನಾವು ಹೊಡೆಯೋದು ಅದನ್ನೇ ಅಲ್ವಾ? ನೀನು ದಿನಾ ಬೆಳಿಗ್ಗೆ ಟ್ಯೂಬ್ ಹಿಡ್ಕೊಂಡು ಒಂದೊಂದೇ ಹುಳ ಎಳೀತಾ ಕೂತಿರ್ತಿದ್ದೆ. ನೋಡೋಕಾಗ್ಲಿಲ್ಲ ಮಾರಾಯ್ತಿ.”

“ಅಯ್ಯೋ, ಅದು ತಾಮ್ರ! ಹವಳ ಗಿಡ ಅಲ್ಲ ಮಾವ, ಪ್ರಾಣಿ. ತಾಮ್ರ ತಾಗಿದ್ರೆ ಬದುಕಲ್ಲ. ಹುಳಕ್ಕೆ ಬೇರೆ ಮದ್ದು ತರಿಸಿಟ್ಟಿದ್ದೆ. ಎಲ್ಲಾ ಒಟ್ಟಿಗೆ ಸತ್ರೆ ಹುಳನೇ ವಿಷ ಬಿಡುತ್ತೆ ಅಂತ ಮೊದಲು ಟ್ಯೂಬಲ್ಲಿ ಎಳೆದು ಕಮ್ಮಿ ಮಾಡ್ತಿದ್ದೆ. ಈ ಭಾನುವಾರ ಮದ್ದು ಹಾಕೋದಿತ್ತು!”

ಗಿಡ್ಡಪ್ಪನವರ ಮುಖ ಸಪ್ಪಗಾಯಿತು. ಆದರೆ ತಪ್ಪಾಯ್ತು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಹೆಂಡತಿ ಕುಸುಮಾ ಕೂಡ ಕೇಳಿದವರಲ್ಲ. “ಹೋಗ್ಲಿ ಬಿಡು. ಸಮುದ್ರದಲ್ಲಿ ಇರೋದು ಸಮುದ್ರದಲ್ಲೇ ಇರ್ಬೇಕು. ಘಾಟಿ ಮೇಲೆ, ಈ ಗೋಣಿಬೀಡಲ್ಲಿ ಯಾಕೆ ಬೇಕಿತ್ತು? ನಾಲ್ಕು ಗೋಲ್ಡ್ ಫಿಶ್ ತಂದು ಬಿಡು, ಚಂದ ಇರುತ್ತೆ.”

ರಶ್ಮಿಗೆ ಮೈಯೆಲ್ಲ ಉರಿದುಹೋಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವಷ್ಟೂ ಪುರುಸೊತ್ತಿರಲಿಲ್ಲ. “ಗೋಲ್ಡ್ ಫಿಶ್ ಅಂತೆ! ತರಲ್ಲ. ಇದನ್ನೇ ಬದುಕಿಸ್ತೀನಿ.”

ದಿನವೂ ಹುಳದ ಜೊತೆ ಎಳೆದ ನೀರಿಗೆ ಬದಲಾಗಿ ತುಂಬಲು ಅವಳು ಉಪ್ಪು ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ಇಟ್ಟಿರುತ್ತಿದ್ದಳು. ಅದನ್ನು ಎಳೆದುಕೊಂಡು ಬರುವಷ್ಟರಲ್ಲಿ ಕುಸುಮಾ ಮಾವಿನಮಿಡಿ ತೊಳೆಯುವ ದೊಡ್ಡ ಪ್ಲಾಸ್ಟಿಕ್ ಟಬ್ಬನ್ನು ತಂದಿಟ್ಟು, “ತಗೋ. ಇವರ ಮಾತು ಕೇಳ್ಬೇಡ ನೀನು,” ಎಂದರು. ಇಬ್ಬರೂ ಸೇರಿ ಡ್ರಮ್ಮಿನ ನೀರನ್ನು ಟಬ್ಬಿಗೆ ಸುರಿದು, ಮೊದಲು ಮೀನುಗಳನ್ನು ಅದಕ್ಕೆ ಬಿಟ್ಟು, ಆಮೇಲೆ ಹವಳಗಳನ್ನು ಒಂದೊಂದಾಗಿ ಆಚೆ ತೆಗೆದರು. ಹನ್ನೊಂದರಲ್ಲಿ ಎಂಟು ಕೈಯಲ್ಲೇ ಕರಗಿದಂತಾದವು. ಮೂರು ಮಾತ್ರ ಮುಟ್ಟಿದರೆ ಇನ್ನೂ ಸ್ವಲ್ಪ ಮೈ ಒಳಗೆಳೆದುಕೊಳ್ಳುತ್ತಿದ್ದವು. ಆ ಮೂರನ್ನು ರಶ್ಮಿ ಟಬ್ಬಿಗೆ ಇಳಿಸಿದಳು.

ಟಬ್ ಇಡುವಷ್ಟು ಜಾಗ ಟಿವಿ ಮುಂದೆ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಅವಳು ಟಿವಿಯ ಪ್ಲಗ್ ಕಿತ್ತು ಹೀಟರು, ಪಂಪು, ಲೈಟು ಮೂರನ್ನೂ ಅಲ್ಲಿಗೇ ಸಿಕ್ಕಿಸಿದಳು.

“ಏ ಏ, ನನ್ನ ವಾರ್ತೆ ಟೈಮ್ ಆಯ್ತಲ್ಲ! ಎಷ್ಟು ಹೊತ್ತು ಇದು?”

“ಈ ಮೂರು ಬೆಳೆದು ಮತ್ತೆ ಹನ್ನೊಂದು ಆಗೋ ತನಕ.”

“ಅಂದ್ರೆ?”

“ಹೋದ ಸಲ ನಾಲ್ಕು ವರ್ಷ ಹಿಡಿದಿತ್ತು,” ಎಂದಳು ರಶ್ಮಿ. ಮಾವನ ಆರಾಮಕುರ್ಚಿಯನ್ನು ಟಬ್ಬಿನ ಹತ್ತಿರಕ್ಕೆ ಎಳೆದು ಹಾಕಿದಳು. “ಕೂತ್ಕೊಳ್ಳಿ ಮಾವ. ಕರೆಂಟ್ ಹೋದ್ರೆ ಜನರೇಟರ್ ಹಾಕೋದು ಇನ್ಮೇಲೆ ನಿಮ್ಮ ಡ್ಯೂಟಿ.”