ವ್ಯಾಪ್ತಿ ಪ್ರದೇಶದ ಹೊರಗೆ

ಗ್ರೀಸ್ ಮೆತ್ತಿದ ಕೈಯಲ್ಲೇ, ಯಾರೆಂದೂ ನೋಡದೆ ಫೋನೆತ್ತಿಕೊಂಡ ಫಿಟ್ಟರ್ "ಹೇಳಿ ಸಾರ್" ಎಂದ. ಮೆಷಿನ್ ಕೂರಿಸಲು ಈ ಪರದೇಶದ ಕಾರ್ಖಾನೆಗೆ ಬಂದವನು, ಇಲ್ಲಿ ಕೊಂಡ ಎರಡನೇ ಸಿಮ್ಮಿನ ಡೇಟಾ ಮೇಲೆ ಬಂದಾಗಿನಿಂದ ನಡೆಯದಿದ್ದ ಊರಿನ ನಂಬರಿಗೂ ಕರೆ ಬರುವಂತೆ ಬೆಳಿಗ್ಗೆಯಷ್ಟೇ ಮಾಡಿಕೊಂಡಿದ್ದ. ಅದೂ ತನ್ನನ್ನು ಇಲ್ಲಿಗೆ ಕಳಿಸಿದ ಮಾಲೀಕರಿಗೋಸ್ಕರ.

ಆ ಕಡೆ ಇದ್ದದ್ದು ಮಾಲೀಕರಲ್ಲ, ಅತ್ತಿಗೆ. "ಅಯ್ಯೋ, ಲೈನ್ ಸಿಕ್ಕಿಬಿಡ್ತಾ?"

"ಅಲ್ಲಿ ನನ್ನ ನಂಬರ್ ನಡೆಯಲ್ಲ" ಎಂದು ಅವಳಿಗೆ ಹೇಳಿ ಬಂದವನು ಇವನೇ. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಅಣ್ಣ, ಇವನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಅಣ್ಣ, ಹೊತ್ತುಗೊತ್ತಿಲ್ಲದೆ ಫೋನ್ ಮಾಡಿ ಹೇಳಿದ್ದನ್ನೇ ಹೇಳುತ್ತಾನೆಂದು ತಲೆ ತಪ್ಪಿಸಿಕೊಂಡಿದ್ದ.

"ಸಿಗಲ್ಲ ಅಂತ ಗೊತ್ತಿದ್ದೇ ಮಾಡಿದ್ದು ಕಣಪ್ಪಾ," ಎಂದಳು ಅತ್ತಿಗೆ. "ದಿನಾ ಸ್ಪೀಕರ್ ಹಾಕಿ, 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಅನ್ನೋದನ್ನ ಇವರಿಗೆ ಕೇಳಿಸ್ತೀನಿ. 'ಪಾಪ, ಅವನು ತಾನೇ ಏನು ಮಾಡ್ತಾನೆ' ಅಂತ ಸಮಾಧಾನ ಮಾಡ್ಕೊಂಡು ಊಟ ಮಾಡ್ತಾರೆ. ಈಗ್ಲೂ ಸ್ಪೀಕರ್‌ನಲ್ಲೇ ಇದೆ."

ಫಿಟ್ಟರನ ಕಿವಿಯೆಲ್ಲ ಬಿಸಿಯಾಯಿತು. ಬಾಗಿಲಾಚೆ ಕೆಮ್ಮಿದರೂ ತಮ್ಮನೆಂದು ಗುರುತು ಹಿಡಿಯುವವನು ಅಣ್ಣ. ಆದದ್ದಾಗಲಿ ಎಂದು "ಅಣ್ಣಾ..." ಎಂದ.

ಆ ಕಡೆ ಮಂಚ ಕಿರುಗುಟ್ಟಿತು. ಆಮೇಲೆ ಅಣ್ಣನ ದನಿ, ಹೆಂಡತಿಗೆ ಹೇಳುವಂತೆ, ಮೆಲ್ಲಗೆ ಬಂತು.

"ಯಾರೋ ಏನೋ, ರಾಂಗ್ ನಂಬರ್ ಇರ್ಬೇಕು ಕಣೇ. ನಮ್ಮ ಹುಡುಗನ ಫೋನ್ ಅಲ್ಲಿ ನಡೆಯಲ್ಲ, ಪಾಪ. ಇಟ್ಬಿಡು."