ಕೊಲೆಗಾರ ಯಾರು ಅಂತ ಹೇಳಬೇಡ

ಪತ್ತೇದಾರ ಬಂಗಲೆಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ಬಾಗಿಲು ಹಾಕಿಸಿದ್ದಷ್ಟೇ, ಓದುತ್ತಿದ್ದ ಸೊಸೆಯ ದನಿ ನಿಂತೇಹೋಯಿತು. ಮಾರನೆಯ ದಿನ ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ, ಒಂದನೇ ತರಗತಿಯ ನಲವತ್ತು ಮಕ್ಕಳ ಮುಂದೆ ಕೂಗಿ ಕೂಗಿ ಗಂಟಲಲ್ಲಿ ಗಂಟೆದ್ದಿದೆ, ಇನ್ನು ಎರಡು ತಿಂಗಳು ಪಿಸುಮಾತೂ ಕೂಡದು ಎಂದುಬಿಟ್ಟರು. ಸೊಸೆಗೆ ಸ್ಕೂಲಿನ ಚಿಂತೆ ಹತ್ತಿತು. ಅತ್ತೆಗೆ ಹತ್ತಿದ ಚಿಂತೆಯೇ ಬೇರೆ: ಆ ಎಳೇ ಹುಡುಗಿಯ ಹಾಲಿಗೆ ವಿಷ ಬೆರೆಸಿದವರು ಯಾರು?

ಅತ್ತೆಯನ್ನು ಬೀದಿಯವರೆಲ್ಲ ಇಸ್ತ್ರಿಯಮ್ಮ ಎನ್ನುತ್ತಿದ್ದರು. ಮೂವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯೇ ಅಂಗಡಿ. ಓದು ಬಾರದು. ಯಾವ ಬಟ್ಟೆ ಯಾರದೆಂದು ತಿಳಿಯಲು ಕಾಲರಿನ ಒಳಗೆ ತನ್ನದೇ ಗುರುತು ಹಾಕುತ್ತಿದ್ದಳು: ಬ್ಯಾಂಕಿನವರಿಗೆ ಸೊನ್ನೆ, ಕಾಂಪೌಂಡರಿಗೆ ಎರಡು ಗೀಟು, ಮೂಲೆಮನೆ ವಕೀಲರಿಗೆ ಒಂದು ಕೊಕ್ಕೆ. ಒಂದು ಅಂಗಿಯೂ ಇವತ್ತಿನವರೆಗೆ ಅದಲುಬದಲಾಗಿರಲಿಲ್ಲ. ಸಾಯಂಕಾಲ ಸೊಸೆ ಸ್ಟೂಲಿನ ಮೇಲೆ ಕೂತು ಪತ್ತೇದಾರಿ ಕಾದಂಬರಿ ಓದಬೇಕು, ಇವಳು ಇಸ್ತ್ರಿ ಎಳೆಯುತ್ತ ಕೇಳಬೇಕು. ಹೆಣ ಬಿದ್ದ ಕಡೆ ಇಸ್ತ್ರಿ ಪೆಟ್ಟಿಗೆ ತಾನಾಗಿ ನಿಲ್ಲುತ್ತಿತ್ತು. ಎರಡು ಪ್ಯಾಂಟು ಹಾಗೇ ಸುಟ್ಟಿದ್ದವು.

ಬಸ್ಸು ಓಡಿಸುವ ಮಗ ಅಮ್ಮನ ಪರದಾಟ ನೋಡಲಾರದೆ ಪುಸ್ತಕ ತಿರುವಿಹಾಕಿದ. "ಕೊನೇ ಪುಟ ನೋಡ್ದೆ ಕಣಮ್ಮ. ಅದು ಯಾರು ಅಂದ್ರೆ..."

"ಹೇಳ್ಬೇಡ! ಹೇಳಿದ್ರೆ ನಿನ್ನ ಯೂನಿಫಾರ್ಮಿಗೆ ಇನ್ಮೇಲೆ ನೀನೇ ಇಸ್ತ್ರಿ ಹಾಕ್ಕೋ!" ಇಸ್ತ್ರಿಯಮ್ಮ ಎರಡೂ ಕಿವಿಗೆ ಬೆರಳಿಟ್ಟಳು.

"ಹೋಗ್ಲಿ, ನಾನೇ ಓದ್ಲಾ?"

"ನೀನು ಓದಿದ್ರೆ ಕೊಲೆಯೂ ಬಸ್ಸಿನ ಟೈಮ್ ಟೇಬಲ್ ಥರ ಕೇಳ್ಸುತ್ತೆ. ಬೇಡಪ್ಪ."

ಸೊಸೆ ಸದ್ದಿಲ್ಲದೆ ನಕ್ಕಳು. ಆಮೇಲೆ ಅವಳ ನಗು ಯಾಕೋ ಅರ್ಧಕ್ಕೇ ನಿಂತಿತು. ಸ್ವಲ್ಪ ಹೊತ್ತು ಪುಸ್ತಕವನ್ನೇ ನೋಡುತ್ತ ಕೂತಿದ್ದು, ಬ್ಯಾಗಿನಿಂದ ಸ್ಲೇಟು ತೆಗೆದಳು. ಒಂದು ಅಕ್ಷರ ಬರೆದು ಇಸ್ತ್ರಿ ಪೆಟ್ಟಿಗೆಯತ್ತ ಬೆರಳು ತೋರಿಸಿದಳು.

"ಇ?" ಎಂದಳು ಇಸ್ತ್ರಿಯಮ್ಮ. ಸೊಸೆ ಹೌದೆಂದು ತಲೆಯಾಡಿಸಿದಳು.

ಬೀದಿಯವರು ಅಂಥ ಪಾಠ ಎಂದೂ ಕಂಡಿರಲಿಲ್ಲ. ಟೀಚರಿಗೆ ಬಾಯಿಲ್ಲ, ವಿದ್ಯಾರ್ಥಿಗೆ ಬಾಯಿ ನಿಲ್ಲುವುದಿಲ್ಲ. ಒಂಟಿ ಅಕ್ಷರಗಳು ಮೂರು ವಾರದಲ್ಲಿ ಕೈಗೆ ಬಂದವು. ಕಾಲರಿನ ಗುರುತು ನೆನಪಿಟ್ಟವಳಿಗೆ ಅದೇನು ಮಹಾ! ಒತ್ತಕ್ಷರ ಬಂದಾಗ ಮಾತ್ರ ಜೀವ ಬಾಯಿಗೆ ಬಂತು. "ಇವನ್ನ ಕಂಡುಹಿಡಿದವನು ಕೈಗೆ ಸಿಗ್ಲಿ!" ಎಂದು ಬೈಯುತ್ತ ಒಂದು ದಿನ ಪುಸ್ತಕವನ್ನು ಬಟ್ಟೆಗಂಟಿನ ಹಿಂದಕ್ಕೆ ಎಸೆದಳು. ಬೆಳಿಗ್ಗೆ ತಾನೇ ಹುಡುಕಿ ತಂದಳು. ಬಂಗಲೆಯ ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಪಾಪ, ಅಷ್ಟು ಜನ ಒಳಗೆ ಕೂತಿದ್ದರಲ್ಲ!

ಎಂಟನೆಯ ವಾರ, ಬಂಗಲೆಯ ಬಾಗಿಲು ಹಾಕಿದ ಮೇಲೆ ಉಳಿದಿದ್ದ ಒಂದೇ ಪುಟದ, ಆ ಕೊನೆಯ ಪುಟದ ಸರದಿ ಬಂತು. ಇಸ್ತ್ರಿಯಮ್ಮ ಪೆಟ್ಟಿಗೆ ಆರಿಸಿ, ಸಾಲಿನ ಕೆಳಗೆ ಬೆರಳಿಟ್ಟು, ಬೀದಿಗೆಲ್ಲ ಕೇಳುವಂತೆ ಓದತೊಡಗಿದಳು. "ಹಾ...ಲಿಗೆ ವಿಷ ಬೆ...ರೆಸಿದವಳು ಬೇರೆ ಯಾರೂ ಅಲ್ಲ. ಅ...ತ್...ತೆ!"

ಬೆರಳು ಅಲ್ಲೇ ನಿಂತಿತು. ಅತ್ತೆ? ಈ ಅತ್ತೆ ಎಲ್ಲಿಂದ ಬಂದಳು? ಕಥೆಯಲ್ಲಿ ಡಾಕ್ಟರಿದ್ದ, ಡ್ರೈವರಿದ್ದ, ಮೊದಲಿನಿಂದಲೂ ಇವಳ ಅನುಮಾನವೆಲ್ಲ ಯಾರ ಮೇಲಿತ್ತೋ ಆ ದೊಡ್ಡಮ್ಮನಿದ್ದಳು. ಅತ್ತೆ ಎಂಬ ಪ್ರಾಣಿಯೇ ಇರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಅದೇ ಅ, ಅದೇ ತ, ಅದರಡಿಗೆ ಅದೇ ಒತ್ತು. ಎರಡು ತಿಂಗಳು ಪಟ್ಟ ಪಾಡೆಲ್ಲ ನೀರುಪಾಲಾಯಿತೇನೋ ಅನ್ನಿಸಿ ದನಿ ಇಳಿಯಿತು.

"ಇಲ್ನೋಡೇ... ನಾನು ತಪ್ಪು ಓದಿದ್ನಾ?"

ಸೊಸೆ ಹೌದು ಎಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ತಲೆತಗ್ಗಿಸಿ ಸ್ಲೇಟು ಎಳೆದುಕೊಂಡಳು. "ಸರಿಯಾಗಿಯೇ ಓದಿದ್ದೀರಿ. ಕೊಂದವಳು ಅತ್ತೆ. ಕೊನೆ ಮೊದಲೇ ನೋಡಿಬಿಟ್ಟಿದ್ದೆ, ಅತ್ತೆ ಅಂತಿದ್ದ ಕಡೆಯೆಲ್ಲ ದೊಡ್ಡಮ್ಮ ಅಂತ ನಾನೇ ಬದಲಾಯಿಸಿ ಓದುತ್ತಿದ್ದೆ. ನಿಮಗೆ ಬೇಜಾರಾಗುತ್ತೆ ಅಂತ."

ಇಸ್ತ್ರಿಯಮ್ಮ ಅದನ್ನೂ ಓದಿದಳು, ಒಂದೊಂದೇ ಅಕ್ಷರ ಹಿಡಿದು, ಎಲ್ಲಿಯೂ ಎಡವದೆ. ಸೊಸೆಯ ಮುಖ ನೋಡಿದಳು.

"ಅಕ್ಷರ ಕಲಿಸಿದ್ರೆ ಇದು ನನಗೆ ಗೊತ್ತಾಗುತ್ತೆ ಅಂತ ನಿನಗೆ ಗೊತ್ತಿರ್ಲಿಲ್ವಾ?"

ಗೊತ್ತಿತ್ತು ಎಂಬಂತೆ ಸೊಸೆ ಗೋಣು ಹಾಕಿದಳು.

"ಅಯ್ಯೋ ಮಳ್ಳಿ!" ಇಸ್ತ್ರಿಯಮ್ಮನಿಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು. "ಇಡೀ ಪುಸ್ತಕದಲ್ಲಿ ಇಷ್ಟು ಬುದ್ಧಿ ಓಡಿಸಿದೋಳು ಒಬ್ಬಳು ಅತ್ತೆ. ಆ ಹೆಸರನ್ನ ತಗೊಂಡುಹೋಗಿ ಯಾವಳೋ ದೊಡ್ಡಮ್ಮನಿಗೆ ಕೊಟ್ಬಿಟ್ಯಲ್ಲೇ!"

ಅಷ್ಟರಲ್ಲಿ ಪಕ್ಕದ ಬೀದಿಯ ನರ್ಸು ಬಾಗಿಲಿಗೆ ಬಂದು, "ನನ್ನ ಬಟ್ಟೆ ಆಯ್ತಾ ಅಮ್ಮ?" ಎಂದಳು.

"ನಾಳೆ ಬಾ ತಾಯಿ," ಎಂದು ಇಸ್ತ್ರಿಯಮ್ಮ ಕನ್ನಡಕ ಸರಿಮಾಡಿಕೊಂಡು, ಪುಸ್ತಕವನ್ನು ತಿರುಗಿಸಿ ಮೊದಲನೆಯ ಪುಟ ತೆರೆದಳು. "ನನ್ನ ಸೊಸೆ ಇನ್ನೂ ಏನೇನು ಮುಚ್ಚಿಟ್ಟಿದ್ದಾಳೋ, ನಾನೇ ಪತ್ತೆ ಹಚ್ಬೇಕು."